ನರಳದ ರೋಗಿ ಕಲಿಸುವ ಪಾಠ

'ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ' ಎನ್ನುವ ಗಾದೆಯಲ್ಲಿ ನರ್ಸಿಂಗ್ ಕಲಿಕೆಯ ಸಂಕಟವೂ ಅಡಗಿದೆ. ಇಲ್ಲಿ ಹಾಡಿ ಹಾಡಿ ರಾಗ ಹಿಡಿಯಬೇಕಾದವಳು ವಿದ್ಯಾರ್ಥಿನಿ. ಅವಳು ಹಿಡಿಯುವ ತನಕ ನರಳಬೇಕಾದವನು ರೋಗಿ. ಮೊದಲ ಸಲ ಸೂಜಿ ಹಿಡಿದ ಕೈ ನಡುಗಿದರೆ ನೋಯುವುದು ಇನ್ನೊಬ್ಬರ ತೋಳು. ಹಾಗಾದರೆ ನರಳದ ರೋಗಿಯೊಬ್ಬನನ್ನು ಮಾಡಿಕೊಂಡರೆ ಹೇಗೆ?

ಈ ಯೋಚನೆ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವಿರುವುದೇ ಇದಕ್ಕಾಗಿ. ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿಯ ಮೇಲೆ ಕಲಿಯಬೇಕು. ಹೊಲಿಗೆಯನ್ನು ಬಟ್ಟೆ ಮತ್ತು ಮೆದು ತೊಗಲಿನ ಮೇಲೆ, ನಾಳಕ್ಕೆ ಚುಚ್ಚುವುದನ್ನು ತಾವರೆದಂಟಿನ ಮೇಲೆ. ಪಟ್ಟಿ ಕಟ್ಟುವ ಅಭ್ಯಾಸಕ್ಕೆ ಮನುಷ್ಯಾಕಾರದ ಬೊಂಬೆ. ಎಷ್ಟು ಓದಿದ್ದರೂ ಈ ಅಭ್ಯಾಸವಿಲ್ಲದವನು ಕೆಲಸಕ್ಕೆ ಒದಗುವುದಿಲ್ಲ ಎಂಬುದು ಸುಶ್ರುತನ ಖಚಿತ ಮಾತು.

ಆಧುನಿಕ ನರ್ಸಿಂಗ್ ಶಾಲೆಗೆ ಹೆಸರಾಂತ ಬೊಂಬೆ ಬಂದದ್ದು 1911ರಲ್ಲಿ. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ಶಾಲೆಗೆ ಮಾರ್ಥಾ ಚೇಸ್ ಎಂಬ ಬೊಂಬೆ ತಯಾರಕಿ ಆಳೆತ್ತರದ ರೋಗಿಯನ್ನು ಮಾಡಿಕೊಟ್ಟರು. 'ಮಿಸೆಸ್ ಚೇಸ್' ಎಂದೇ ಹೆಸರಾದ ಈಕೆಗೆ ಹುಡುಗಿಯರು ಬಟ್ಟೆ ತೊಡಿಸಿದರು, ಮಗ್ಗುಲು ಬದಲಿಸಿದರು. ಕೆಲವೇ ವರ್ಷಗಳಲ್ಲಿ ಆಕೆಯ ತೋಳಿನಲ್ಲಿ ಇಂಜೆಕ್ಷನ್ ಚುಚ್ಚುವ ಜಾಗ ಬಂತು, ಹೊಟ್ಟೆಯೊಳಗೆ ಎನಿಮಾ ಅಭ್ಯಾಸಕ್ಕೆ ಚೀಲ ಬಂತು. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಾಲ್ ಅವರ 'ರಿಸಸಿ ಆ್ಯನ್' ಬೊಂಬೆ, ನಿಂತ ಎದೆಗೆ ಮತ್ತೆ ಉಸಿರು ತುಂಬುವುದನ್ನು ಕಲಿಸತೊಡಗಿತು. ಇಂದಿನ ಕಂಪ್ಯೂಟರ್ ಬೊಂಬೆಗಳು ಕಣ್ಣು ಮಿಟುಕಿಸುತ್ತವೆ, ಶಿಕ್ಷಕಿ ಗುಂಡಿ ಒತ್ತಿದರೆ ಅವುಗಳ ರಕ್ತದೊತ್ತಡವೂ ಕುಸಿಯುತ್ತದೆ.

ಆದರೆ ಕೈ ಪಳಗಿದರೆ ಕಲಿತದ್ದು ಅರ್ಧ ಮಾತ್ರ. ಗಂಡಾಂತರದ ಹೊತ್ತಿನಲ್ಲಿ ನಾಲ್ಕು ಜನ ಒಂದೇ ಮನಸ್ಸಿನಿಂದ ಕೆಲಸ ಮಾಡುವುದು ಇನ್ನರ್ಧ. ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಯಂತ್ರವೇ ಬೇಕೆಂದಿಲ್ಲ. ಬಿಹಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನರ್ಸುಗಳ ತರಬೇತಿಯಲ್ಲಿ 'ಪಾರ್ಟೊಪ್ಯಾಂಟ್ಸ್' ಬಳಸಿದರು. ಆಪರೇಷನ್ ಥಿಯೇಟರಿನ ಪ್ಯಾಂಟನ್ನೇ ತಿದ್ದಿ ಹೊಲಿದ ಉಡುಪು ಅದು. ಒಬ್ಬಾಕೆ ಅದನ್ನು ತೊಟ್ಟು ಹೆರಿಗೆಗೆ ಬಂದವಳಾಗುತ್ತಾಳೆ. ಬೊಂಬೆ ಮಗು ಹುಟ್ಟುತ್ತದೆ, ಹಿಂದೆಯೇ ಕೆಂಪು ನೀರು ಹರಿಯುತ್ತದೆ.

ಇಂಥ ಅಣಕು ಹೆರಿಗೆಯಲ್ಲಿ ಏನೇನಾಗುತ್ತದೆ ನೋಡಿ. ಹೆರಿಗೆಯ ಬಳಿಕ 500 ಮಿಲಿಲೀಟರ್ ರಕ್ತ ಹೋದರೆ ಅಪಾಯ ಎಂದು ಎಲ್ಲರೂ ಓದಿದ್ದಾರೆ. ಆದರೆ ಬಟ್ಟೆಗೆ ಇಂಗಿದ ರಕ್ತವನ್ನು ಕಣ್ಣು ಕಡಿಮೆಯೆಂದೇ ಅಂದಾಜಿಸುತ್ತದೆ. ಒಬ್ಬಳು ಗರ್ಭಕೋಶ ನೀವುತ್ತಾಳೆ, ಒಬ್ಬಳು ಡ್ರಿಪ್ ಹಾಕಲು ನರ ಹುಡುಕುತ್ತಾಳೆ. 'ಆಕ್ಸಿಟೋಸಿನ್ ಕೊಡಿ' ಎಂಬ ಕೂಗು ಯಾರನ್ನೂ ಉದ್ದೇಶಿಸಿಲ್ಲದ್ದರಿಂದ ಯಾರೂ ಕೊಡುವುದಿಲ್ಲ. ಇಬ್ಬರೂ ಇನ್ನೊಬ್ಬಳು ಕೊಟ್ಟಳು ಅಂದುಕೊಂಡಿರುತ್ತಾರೆ.

ಆಟ ಮುಗಿದ ಮೇಲೆ ನಿಜವಾದ ಪಾಠ ಶುರು. ಎಲ್ಲರೂ ಸುತ್ತ ಕೂರುತ್ತಾರೆ. ಒಳ್ಳೆಯ ಶಿಕ್ಷಕಿ ಬೈಯುವುದಿಲ್ಲ, 'ಆಗ ನಿನಗೆ ಏನು ಕಾಣಿಸಿತಮ್ಮಾ?' ಎನ್ನುತ್ತಾರೆ. 'ಬಟ್ಟೆ ಅಷ್ಟೇನೂ ನೆಂದಿರಲಿಲ್ಲ ಮೇಡಂ' ಎಂದರೆ, ಅಳತೆ ಮಾಡಿದ ಕೆಂಪು ನೀರನ್ನು ಅಂಥದೇ ಬಟ್ಟೆಗೆ ಸುರಿದು ತೋರಿಸುತ್ತಾರೆ. ಮುಂದಿನ ಸಲ ಹೆಸರು ಹಿಡಿದು ಕರೆದು, '10 ಯೂನಿಟ್ ಕೊಡು' ಎಂದರೆ, '10 ಯೂನಿಟ್ ಕೊಟ್ಟೆ' ಎಂದು ಉತ್ತರ ಬರಬೇಕು. ತಪ್ಪಿನ ಬೇರು ಸಿಗುವುದು ಈ ಮಾತುಕತೆಯಲ್ಲಿ.

ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು 10 ನರ್ಸಿಂಗ್ ಕೋರ್ಸ್‌ಗಳ 600ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಪದವಿಯವರೆಗೆ ಹಿಂಬಾಲಿಸಿತು. ವಾರ್ಡಿನ ಅವಧಿಯಲ್ಲಿ ಅರ್ಧದಷ್ಟನ್ನು ಸಿಮ್ಯುಲೇಷನ್‌ಗೆ ಕೊಟ್ಟರೂ ತಿಳಿವಳಿಕೆಯಾಗಲಿ ಸಾಮರ್ಥ್ಯವಾಗಲಿ ಕುಗ್ಗಲಿಲ್ಲ. ಆದರೆ ಅಲ್ಲಿ ಕಲಿಸಿದವರೂ ಮೊದಲು ಈ ಮಾತುಕತೆಯ ವಿಧಾನದಲ್ಲಿ ತರಬೇತಾಗಿದ್ದರು. 2021ರಲ್ಲಿ ಪರಿಷ್ಕೃತವಾದ ನಮ್ಮ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲೂ ಸ್ಕಿಲ್ ಲ್ಯಾಬ್‌ಗೆ ಜಾಗವಿದೆ. ದುಬಾರಿ ಬೊಂಬೆ ತಂದು, ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ತೋರಿಸಿ, ಮತ್ತೆ ಹೊದಿಕೆ ಹೊದಿಸಿ ಬೀಗ ಹಾಕಿದರೆ ಅದು ಯಾರಿಗೂ ಏನನ್ನೂ ಕಲಿಸದು.

ಬೊಂಬೆಗೂ ಮಿತಿಯುಂಟು. ಅದರ ಅಂಗೈ ಭಯದಿಂದ ತಣ್ಣಗಾಗುವುದಿಲ್ಲ. ಅದರ ಅಮ್ಮ ಬಾಗಿಲ ಬಳಿ ಸೆರಗು ಕಚ್ಚಿಕೊಂಡು ನಿಂತಿರುವುದಿಲ್ಲ. ಅದನ್ನೆಲ್ಲ ಅರಿಯಲು ವಾರ್ಡಿಗೇ ಹೋಗಬೇಕು. ಆದರೆ ಕೈಗೆ ರಾಗ ಮೊದಲೇ ಕೂತಿದ್ದರೆ, ನರಳಿಕೆ ಕೇಳಿಸಿಕೊಳ್ಳಲು ಕಿವಿಗೆ ಬಿಡುವಿರುತ್ತದೆ.