ಮುಗಿಲನ್ನೋದುವ ವಿದ್ಯೆ

ಬೀದರ್ ಬಳಿಯ ಜನವಾಡದ ಸುತ್ತ ತೊಗರಿ, ಉದ್ದು, ಸೋಯಾ ಬೆಳೆಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದವು. ಮೃಗಶಿರೆ ಹುಟ್ಟಿತೆಂದರೆ ರೈತನ ದೃಷ್ಟಿ ಮುಗಿಲಿನ ಮೇಲೆ. ಅದೇ ಮುಗಿಲನ್ನು 36,000 ಕಿಲೋಮೀಟರು ಎತ್ತರದಿಂದ ನೋಡಲು 2013ರ ಜುಲೈ 26ರಂದು ಇನ್ಸಾಟ್-3ಡಿ ಉಪಗ್ರಹ ಮೇಲೇರಿತು. 2024ರ ಫೆಬ್ರವರಿ 17ರಂದು ಅದರ ತಮ್ಮನಾದ 3ಡಿಎಸ್ ಶ್ರೀಹರಿಕೋಟೆಯಿಂದ ಹಾರಿತು. ಅವು ಕಂಡದ್ದನ್ನು ಅಹಮದಾಬಾದಿನ ‘ಮಾಸ್‌ಡಾಕ್’ ಭಂಡಾರವು ಹೆಸರು ನೋಂದಾಯಿಸಿದವರಿಗೆ ಒದಗಿಸುತ್ತದೆ.

ಆದರೆ ಕೈಗೆ ಬರುವುದು ಚಿತ್ರವಲ್ಲ, ಅಂಕೆಗಳ ರಾಶಿ! ‘ಎಚ್‌ಡಿಎಫ್-5’ ಎಂಬ ಆ ಗಂಟನ್ನು ಬಿಚ್ಚಲು ಗಣಕದಲ್ಲಿ ತಕ್ಕ ತಂತ್ರಾಂಶವಿರಬೇಕು. ಪೈಥಾನ್ ಭಾಷೆಯ ‘ಸ್ಯಾಟ್‌ಪೈ’ ಅಂಥದು; ಬೆಲೆಯಿಲ್ಲದೆ ದೊರೆಯುತ್ತದೆ, ಇನ್ಸಾಟ್-3ಡಿಯ ಕಡತವನ್ನು ಓದಬಲ್ಲದು. ಅದು ಒಂಟಿಯಾಗಿ ಬರುವುದಿಲ್ಲ. ಸಹಾಯಕ ತಂತ್ರಾಂಶಗಳ ಪರಿವಾರವನ್ನೇ ಕರೆತರುತ್ತದೆ. ಒಂದರ ಆವೃತ್ತಿ ಇನ್ನೊಂದಕ್ಕೆ ಹೊಂದದಿದ್ದರೆ ಕೆಲಸ ನಿಂತಿತು. ಆದುದರಿಂದ ಬಲ್ಲವರು ‘ಕೊಂಡಾ’ ಎಂಬ ವ್ಯವಸ್ಥೆಯಿಂದ ಗಣಕದೊಳಗೆ ಪ್ರತ್ಯೇಕ ಕೋಣೆಯೊಂದನ್ನು ಮಾಡಿ, ಪರಿವಾರವನ್ನೆಲ್ಲ ಒಟ್ಟಿಗೆ ಅಲ್ಲಿ ಇಳಿಸುತ್ತಾರೆ.

ಬಳಿಕ ಪರೀಕ್ಷೆ. ಉಪಗ್ರಹದ ಅವಕೆಂಪು ಕಣ್ಣು ಕಳುಹಿಸುವುದು 0ಯಿಂದ 1023ರವರೆಗಿನ ಎಣಿಕೆಗಳನ್ನು, ಅವು ಉಷ್ಣತೆಯಲ್ಲ. ಕಡತದಲ್ಲಿಯೇ ಇರುವ ಕೋಷ್ಟಕದಂತೆ ಅವನ್ನು ಉಷ್ಣತೆಯಾಗಿ ಮಾರ್ಪಡಿಸಬೇಕು. ಎತ್ತರದ ಮೋಡದ ನೆತ್ತಿ ತಣ್ಣಗೆ, ಹಗಲಿನ ಬರಿನೆಲ ಬೆಚ್ಚಗೆ ಕಂಡರೆ ಸರಿ. ತಿರುಗುಮುರುಗಾದರೆ ಕಾದ ಹೊಲವೇ ಮಳೆಮುಗಿಲಾಗಿ ತೋರೀತು!

ಈ ಚಿತ್ರದ ಒಂದು ಚುಕ್ಕಿ ಸುಮಾರು 4 ಕಿಲೋಮೀಟರು ಅಗಲದ ನೆಲ. ಜನವಾಡವೆಂದರೆ ಅಲ್ಲಿ ಒಂದೆರಡು ಚುಕ್ಕಿ, ಅಷ್ಟೆ. ಮಳೆ ಬಂದೇ ತೀರುವುದೆಂದು ಅದು ಮಾತು ಕೊಡದು. ಆದರೂ ಆ ಚುಕ್ಕಿಯ ಕೆಳಗೆ ಯಾರದೋ ವರ್ಷದ ಅನ್ನವಿದೆ, ಓದು ತಪ್ಪಬಾರದು.