ಎಂ.ಜಿ. ರಸ್ತೆಯ ಕಾಫಿ ಹೌಸ್: ಕುಳಿತವರನ್ನು ಎಬ್ಬಿಸದ ಜಾಗ

ಬೆಂಗಳೂರು: ಮಹಾತ್ಮ ಗಾಂಧಿ ರಸ್ತೆಯಲ್ಲಿ ಸುಮಾರು ಅರ್ಧ ಶತಮಾನ ನಡೆದ ಇಂಡಿಯಾ ಕಾಫಿ ಹೌಸ್ 2009ರ ಏಪ್ರಿಲ್‌ನಲ್ಲಿ ಬಾಗಿಲು ಮುಚ್ಚಿತು. ಅದರ ಮಾತು ತೆಗೆದರೆ ಸಾಕು, ಹಳೆಯ ಗಿರಾಕಿಗಳ ನೆನಪಿಗೆ ಮೊದಲು ಬರುವುದು ಅಲ್ಲಿ ಕಳೆದ ಮಧ್ಯಾಹ್ನಗಳು. ಒಂದು ಕಪ್ ಕಾಫಿ ಮುಂದಿಟ್ಟುಕೊಂಡು ಎಷ್ಟು ಹೊತ್ತು ಕುಳಿತರೂ ಬಿಲ್ ತಂದಿಟ್ಟು ಸೂಚನೆ ಕೊಡುವವರು ಇರಲಿಲ್ಲ.

ಬಿಳಿ ಸಮವಸ್ತ್ರ, ತಲೆಗೆ ರುಮಾಲು, ನಡುವಿಗೆ ಅಗಲವಾದ ಪಟ್ಟಿ ಧರಿಸಿದ ಮಾಣಿಗಳು; ಗೋಡೆಯ ಮೇಲೆ ಕಾಫಿಯ ಗುಣಗಾನ ಮಾಡುವ ಹಳೆಯ ಭಿತ್ತಿಚಿತ್ರಗಳು; ಪಿಂಗಾಣಿ ಕಪ್ಪು, ದೋಸೆ, ಆಮ್ಲೆಟ್, ಕಟ್ಲೆಟ್. ಪತ್ರಕರ್ತರು, ವಿದ್ಯಾರ್ಥಿಗಳು, ನಿವೃತ್ತರು ಒಂದೇ ಸೂರಿನಡಿ ಸೇರುತ್ತಿದ್ದರು. ಪಕ್ಕದ ಮೇಜಿನ ವಾದಕ್ಕೆ ಬಾಯಿ ಹಾಕಿ ಪರಿಚಯವಾದವರೂ ಉಂಟು. ಕಾಫಿ ಸ್ವಲ್ಪ ತೆಳು ಎಂಬ ದೂರು ಇದ್ದೇ ಇತ್ತು. ಆದರೂ ದೂರಿದವರೇ ಮರುದಿನ ಹಾಜರಾಗುತ್ತಿದ್ದರು.

ಈ ಉದಾರತೆಯ ಮೂಲ ಕಾಫಿ ಹೌಸ್‌ಗಳ ಇತಿಹಾಸದಲ್ಲಿದೆ. 1930ರ ದಶಕದಲ್ಲಿ ಕಾಫಿ ಬೆಲೆ ಕುಸಿದಾಗ, ದೇಶದೊಳಗೇ ಕುಡಿಯುವವರನ್ನು ಹೆಚ್ಚಿಸುವುದು ಬೆಳೆಗಾರರಿಗೆ ಅನಿವಾರ್ಯವಾಯಿತು. ಆ ಪ್ರಚಾರದ ಅಂಗವಾಗಿ 1936ರಲ್ಲಿ ಮುಂಬೈನ ಚರ್ಚ್‌ಗೇಟ್‌ನಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಮುಂದೆ ಕಾಫಿ ಮಂಡಳಿ ಇವುಗಳನ್ನು ನಡೆಸಿತು. ಜನ ಬಂದು ಕೂರಬೇಕು, ಕಾಫಿಗೆ ಒಗ್ಗಬೇಕು ಎಂಬುದೇ ಉದ್ದೇಶವಾಗಿದ್ದಾಗ ಬೇಗ ಎದ್ದು ಹೋಗಿ ಎನ್ನಲು ಕಾರಣವಿರಲಿಲ್ಲ.

1950ರ ದಶಕದ ಮಧ್ಯಭಾಗದಲ್ಲಿ ಮಂಡಳಿಯು ಕಾಫಿ ಹೌಸ್‌ಗಳನ್ನು ಮುಚ್ಚಲು ಮುಂದಾಯಿತು. ನೌಕರರು ಬೀದಿಪಾಲಾಗುವ ಸ್ಥಿತಿ. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಮುಂದಾಳತ್ವದಲ್ಲಿ ಅವರು ಸಹಕಾರ ಸಂಘಗಳನ್ನು ಕಟ್ಟಿ, ಕಾಫಿ ಹೌಸ್‌ಗಳನ್ನು ತಾವೇ ವಹಿಸಿಕೊಂಡರು. ಇಂತಹ ಮೊದಲ ಸಂಘ 1957ರ ಆಗಸ್ಟ್ 19ರಂದು ಸ್ಥಾಪನೆಯಾದದ್ದು ಬೆಂಗಳೂರಿನಲ್ಲೇ. ಎಂ.ಜಿ. ರಸ್ತೆಯಲ್ಲಿ ಕಪ್ಪು ತಂದಿಡುತ್ತಿದ್ದ ಮಾಣಿ, ಹಾಗೆ ನೋಡಿದರೆ, ಅಂಗಡಿಯ ಪಾಲುದಾರನೂ ಆಗಿದ್ದ. ಗಲ್ಲಾದಲ್ಲಿ ಕುಳಿತು ಗಡಿಯಾರ ನೋಡುವ ಧಣಿ ಇರಲಿಲ್ಲ. ದರವೂ ಸುತ್ತಲಿನ ಹೋಟೆಲುಗಳಿಗಿಂತ ಕಡಿಮೆ.

ಸಂಘ ನೌಕರರದಾದರೂ ಕಟ್ಟಡ ಅವರದಲ್ಲ. ತೊಡಕು ಬಂದದ್ದು ಅಲ್ಲಿಯೇ. ನಗರದ ಅತಿ ದುಬಾರಿ ರಸ್ತೆಗಳಲ್ಲೊಂದರಲ್ಲಿ, ಒಂದು ಕಪ್ಪಿಗೆ ಒಂದು ಮಧ್ಯಾಹ್ನ ಬಿಟ್ಟುಕೊಡುವ ವ್ಯಾಪಾರವು ಮಾರುಕಟ್ಟೆ ದರದ ಬಾಡಿಗೆಯನ್ನು ಹೊರಲಾರದು. ಬೆಂಗಳೂರಿನ ದರ್ಶಿನಿಗಳ ಲೆಕ್ಕ ಇದಕ್ಕೆ ತದ್ವಿರುದ್ಧ: ನಿಂತು ತಿನ್ನು, ಜಾಗ ಬಿಡು. ಹೊಟ್ಟೆ ತುಂಬುತ್ತದೆ, ನಿಜ, ಹರಟೆ ಹುಟ್ಟುವುದಿಲ್ಲ. ಕೂರಿಸುವ ಹವಾನಿಯಂತ್ರಿತ ಕೆಫೆಗಳಲ್ಲಿ ಕೂರುವ ಬೆಲೆಯೂ ಕಾಫಿಯಲ್ಲೇ ಸೇರಿರುತ್ತದೆ. ವಿದ್ಯಾರ್ಥಿಯೂ ಪಿಂಚಣಿದಾರನೂ ನಿತ್ಯ ತೆರಬಹುದಾದ ಬೆಲೆಯಲ್ಲ ಅದು.

ಕೊನೆಯ ದಿನಗಳಲ್ಲಿ ಹಳಬರು, ಹೊಸಬರು ಕ್ಯಾಮೆರಾ ಹಿಡಿದು ಬಂದರು. ಮೆಟ್ರೊ ಕಾಮಗಾರಿಗಾಗಿ ಎದುರಿನ ಬುಲೆವಾರ್ಡ್‌ನ ಮರಗಳೂ ಅದೇ ಆಸುಪಾಸಿನಲ್ಲಿ ಉರುಳಿದವು. ಸಂಘವು 2009ರಲ್ಲೇ ನಡೆದು ಹೋಗುವಷ್ಟು ಹತ್ತಿರದ ಚರ್ಚ್ ಸ್ಟ್ರೀಟ್‌ನಲ್ಲಿ ಮತ್ತೆ ಕಾಫಿ ಹೌಸ್ ತೆರೆಯಿತು. ರುಮಾಲು, ಪಿಂಗಾಣಿ ಕಪ್ಪುಗಳೂ ಜೊತೆಗೆ ಹೋದವು. ಮೊದಲ ವಾರಗಳಲ್ಲಿ ಹಳೆಯ ಗಿರಾಕಿಗಳು ಅಲ್ಲಿಯೂ ತಮ್ಮ ಮಾಮೂಲು ಮೂಲೆ ಯಾವುದೆಂದು ಹುಡುಕುತ್ತಿದ್ದರು.