ಮಾನಸಗಂಗೋತ್ರಿಯ ಸೂಚನಾಫಲಕಗಳು

ವಿಶ್ವವಿದ್ಯಾನಿಲಯವೊಂದನ್ನು ಪರಿಚಯಿಸಲು ಹೊರಟವರು ಅದರ ಸ್ಥಾಪಕರ ಔದಾರ್ಯವನ್ನೂ, ಗ್ರಂಥಾಲಯದ ಸಂಪತ್ತನ್ನೂ, ಅಲ್ಲಿ ಓದಿ ಕೀರ್ತಿವಂತರಾದವರ ನಾಮಾವಳಿಯನ್ನೂ ಹೇಳಿ ಮುಗಿಸುವುದು ವಾಡಿಕೆ. ಇವೆಲ್ಲವೂ ಹೇಳತಕ್ಕ ಸಂಗತಿಗಳೇ ಸರಿ. ಆದರೆ ಕೈಯಲ್ಲೊಂದು ಚೀಲವನ್ನೂ ಕಂಕುಳಲ್ಲಿ ಅಂಕಪಟ್ಟಿಗಳ ಕಡತವನ್ನೂ ಹಿಡಿದು, ಕೊಳ್ಳೇಗಾಲದಿಂದಲೋ ಸಿಂಧನೂರಿನಿಂದಲೋ ಮೈಸೂರಿಗೆ ಬಂದಿಳಿಯುವ ಹೊಸ ವಿದ್ಯಾರ್ಥಿಯ ಮನಸ್ಸಿನಲ್ಲಿ ಆಗ ಇರತಕ್ಕ ಪ್ರಶ್ನೆಗಳು ಬೇರೆಯವು: ಪ್ರವೇಶದ ಪಟ್ಟಿಯಲ್ಲಿ ತನ್ನ ಹೆಸರುಂಟೇ, ಶುಲ್ಕ ಕಟ್ಟಲು ಕೊನೆಯ ದಿನ ಯಾವುದು, ಹಾಸ್ಟೆಲಿನಲ್ಲಿ ಸ್ಥಳ ದೊರೆಯದಿದ್ದರೆ ಕೊಠಡಿ ಎಲ್ಲಿ ಸಿಕ್ಕೀತು, ಕೈಗೆಟುಕುವ ಬೆಲೆಗೆ ಊಟ ಹಾಕುವ ಮೆಸ್ಸು ಯಾವ ಬೀದಿಯಲ್ಲಿದೆ? ಈ ಪ್ರಶ್ನೆಗಳಿಗೆಲ್ಲ ಯಾರ ಪರಿಚಯವನ್ನೂ ಬೇಡದೆ, ಯಾರ ಊರನ್ನೂ ಕುಲವನ್ನೂ ವಿಚಾರಿಸದೆ ಉತ್ತರ ಕೊಡುತ್ತ ನಿಂತಿರುವ ಒಂದು ಸಂಸ್ಥೆ ಪ್ರತಿಯೊಂದು ವಿಶ್ವವಿದ್ಯಾನಿಲಯದಲ್ಲಿಯೂ ಇದೆ. ಅದಕ್ಕೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಗಳಿಲ್ಲ, ಶತಮಾನೋತ್ಸವವೂ ಇಲ್ಲ. ನಾಲ್ಕು ಮೊಳೆ ಹೊಡೆದು ಗೋಡೆಗೆ ತೂಗುಹಾಕಿದ ಸೂಚನಾಫಲಕವೇ ಆ ಸಂಸ್ಥೆ.

ಮೈಸೂರು ವಿಶ್ವವಿದ್ಯಾನಿಲಯವು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರ ಜುಲೈ 27ರಂದು ಜನ್ಮ ತಳೆಯಿತು. ಅದರ ಸ್ನಾತಕೋತ್ತರ ವಿಭಾಗಗಳಿಗೆಂದು ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ ಹೊಸದೊಂದು ವಿದ್ಯಾಕ್ಷೇತ್ರವನ್ನು ಕಲ್ಪಿಸಿ, 1960ರಲ್ಲಿ ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಆಗ ಉಪಕುಲಪತಿಗಳಾಗಿದ್ದ ಕುವೆಂಪು. 700 ಎಕರೆಗೂ ಮೀರಿದ ಈ ಆವರಣವನ್ನು ಆನಿಕೊಂಡು ಅನಂತರದ ದಶಕಗಳಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, 1969ರಲ್ಲಿ ಆರಂಭವಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನ, 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇವೆಲ್ಲ ಬೆಳೆದು ನಿಂತವು. ಹೀಗಾಗಿ ಒಂದೆರಡು ಮೈಲಿಯ ಸುತ್ತಳತೆಯೊಳಗೆ ರಾಜ್ಯದ ನಾನಾ ಜಿಲ್ಲೆಗಳವರೂ, ಭಾರತದ ನಾನಾ ಭಾಷೆಗಳವರೂ, ಪರದೇಶಗಳಿಂದ ಬಂದ ವಿದ್ಯಾರ್ಥಿಗಳೂ ಒಂದೆಡೆ ಸೇರಿದ್ದಾರೆ. ಇವರಲ್ಲಿ ಬಹುಮಂದಿಗೆ ಮೈಸೂರಿನಲ್ಲಿ ನೆಂಟರಿಲ್ಲ. ಇಷ್ಟು ಜನ ಅಪರಿಚಿತರು ಪರಸ್ಪರ ಪ್ರಯೋಜನಕ್ಕೆ ಒದಗಬೇಕಾದರೆ ಅವರ ಮಾತು ಎಲ್ಲರ ಕಣ್ಣಿಗೂ ಬೀಳತಕ್ಕ ಒಂದು ಸ್ಥಳ ಬೇಕೇ ಬೇಕು.

ಈ ಅವಶ್ಯಕತೆ ಇಂದಿನದಲ್ಲ. ವಿಶ್ವವಿದ್ಯಾನಿಲಯಗಳೆಂಬ ಸಂಸ್ಥೆಗಳು ಯೂರೋಪಿನಲ್ಲಿ ಹುಟ್ಟಿದ ಕಾಲಕ್ಕೇ ಅದೂ ಹುಟ್ಟಿತು. ಮಧ್ಯಯುಗದ ಬೊಲೋನ್ಯದಲ್ಲಿ ಪರಸ್ಥಳದ ವಿದ್ಯಾರ್ಥಿಗಳಿಂದ ಮನೆಯೊಡೆಯರು ಮನಬಂದಂತೆ ಬಾಡಿಗೆ ಕೀಳುತ್ತಿದ್ದುದರಿಂದ, ವಿದ್ಯಾರ್ಥಿಗಳ ಪರವಾಗಿ ಇಬ್ಬರು, ಪೌರರ ಪರವಾಗಿ ಇಬ್ಬರು ಕೂಡಿ ಬಾಡಿಗೆಯನ್ನು ನಿರ್ಣಯಿಸುವ ಪದ್ಧತಿ ಬೆಳೆಯಿತು. 14ನೆಯ ಶತಮಾನದ ಆರಂಭದ ಹೊತ್ತಿಗೆ ಪ್ಯಾರಿಸಿನ ವಿಶ್ವವಿದ್ಯಾನಿಲಯವು, ಗ್ರಂಥವ್ಯಾಪಾರಿಗಳು ಪ್ರತಿ ಮಾಡಿಕೊಳ್ಳಲು ಬಾಡಿಗೆಗೆ ಕೊಡುವ ಹಸ್ತಪ್ರತಿಗಳ ಪಟ್ಟಿಯನ್ನು ದರಸಹಿತವಾಗಿ ಎಲ್ಲರಿಗೂ ಕಾಣುವಂತೆ ತಮ್ಮ ಅಂಗಡಿಗಳಲ್ಲಿ ತೂಗುಹಾಕಬೇಕೆಂದು ವಿಧಿಸಿತ್ತು. ಕ್ರೈಸ್ತ ಧರ್ಮಸುಧಾರಕ ಲೂಥರನು 1517ರಲ್ಲಿ ತನ್ನ 95 ಪ್ರಮೇಯಗಳನ್ನು ಅಂಟಿಸಿದನೆಂದು ಪರಂಪರೆ ಹೇಳುವ ವಿಟೆನ್‌ಬರ್ಗಿನ ದೇವಾಲಯದ ಬಾಗಿಲು ಆ ಊರಿನ ವಿಶ್ವವಿದ್ಯಾನಿಲಯದ ಸೂಚನಾಫಲಕವೂ ಆಗಿದ್ದಿತು. ಆತ ನಿಜಕ್ಕೂ ಅಂಟಿಸಿದನೇ ಎಂಬ ವಿಷಯದಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದ್ದರೂ, ವಿದ್ವಾಂಸರ ವಾದಗಳಿಗೆ ಆ ಬಾಗಿಲೇ ಪ್ರಕಟಣಸ್ಥಾನವೆಂಬುದರಲ್ಲಿ ಸಂದೇಹವಿಲ್ಲ. ಕೊಠಡಿ, ಪುಸ್ತಕ, ವಾದ ಎಂಬ ಈ ಮೂರೇ ಇಂದಿಗೂ ವಿಶ್ವವಿದ್ಯಾನಿಲಯದ ಫಲಕವನ್ನು ತುಂಬಿರುವುದು.

ನಮ್ಮ ಮೈಸೂರಿನಲ್ಲಿ ಹಿಂದೆ ಈ ಕಾರ್ಯವನ್ನು ನಿರ್ವಹಿಸುತ್ತಿದ್ದುದು ಫಲಕವಲ್ಲ, ಬಾಂಧವ್ಯ. ಹಳ್ಳಿಯಿಂದ ಓದಲು ಬಂದ ಹುಡುಗನು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ವಾರಾನ್ನದಿಂದ ವಿದ್ಯೆ ಸಂಪಾದಿಸಿದ ಕಥೆಗಳು ಹಳೆಯ ತಲೆಮಾರಿನ ಆತ್ಮಚರಿತ್ರೆಗಳಲ್ಲಿ ಹೇರಳವಾಗಿವೆ. ಅನಂತರ ತಾತಯ್ಯನೆಂದು ಮೈಸೂರು ಅಕ್ಕರೆಯಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರ ಅನಾಥಾಲಯ, ಸುತ್ತೂರು ಮಠದ ಉಚಿತ ವಿದ್ಯಾರ್ಥಿನಿಲಯ, ನಾನಾ ಜನಾಂಗಗಳ ಸಂಘಗಳು ಕಟ್ಟಿಸಿದ ಹಾಸ್ಟೆಲುಗಳು ಸಾವಿರಾರು ಬಡ ಮಕ್ಕಳಿಗೆ ಅನ್ನವನ್ನೂ ಸೂರನ್ನೂ ಕೊಟ್ಟವು. ಆ ಋಣವನ್ನು ನಾಡು ಎಂದಿಗೂ ಮರೆಯತಕ್ಕದ್ದಲ್ಲ. ಆದರೂ ವಾರಾನ್ನದ ಮನೆಯ ಜಗಲಿಯನ್ನು ಹತ್ತಬೇಕಾದವನಿಗೆ ಒಂದು ಕುಲದ ಹೆಸರು ಬೇಕಾಗಿತ್ತು. ಮನೆಯನ್ನು ಬಾಡಿಗೆಗೆ ಪಡೆಯಬೇಕಾದವನಿಗೆ ಪರಿಚಿತರೊಬ್ಬರ ಶಿಫಾರಸು ಬೇಕಾಗಿತ್ತು. ಆ ಹೆಸರೂ ಶಿಫಾರಸೂ ಇಲ್ಲದವನು, ಮೊದಲ ತಲೆಮಾರಿನಲ್ಲಿ ಅಕ್ಷರದ ದಾರಿ ಹಿಡಿದವನು, ಎಲ್ಲಿಗೆ ಹೋಗಬೇಕು? ಅಂಥವನ ಪಾಲಿನ ಪರಿಚಯಪತ್ರವಾಗಿ ಒದಗುವುದೇ ಬಹಿರಂಗವಾಗಿ ತೂಗುಬಿಟ್ಟ ಫಲಕದ ಮಹತ್ತ್ವ.

ಮಾನಸಗಂಗೋತ್ರಿಯಂಥ ಆವರಣಗಳಲ್ಲಿ ಈ ಫಲಕಗಳಲ್ಲಿ ಎರಡು ಬಗೆ. ಒಂದು, ವಿಭಾಗದ ಕಛೇರಿಯ ಬಳಿ ಗಾಜಿನ ಬಾಗಿಲು ಹಾಕಿ ಬೀಗ ಜಡಿದದ್ದು. ಇನ್ನೊಂದು, ಗ್ರಂಥಾಲಯದ ದಾರಿಯಲ್ಲಿ, ಕ್ಯಾಂಟೀನಿನ ಗೋಡೆಯ ಮೇಲೆ, ಹಾಸ್ಟೆಲಿನ ಅಂಗಳದಲ್ಲಿ ಬಾಗಿಲಿಲ್ಲದೆ ತೆರೆದಿರುವುದು. ಗಾಜಿನ ಹಿಂದಿರುವುದು ಅಧಿಕಾರದ ಮಾತು: ಸುತ್ತೋಲೆ, ಅಧಿಸೂಚನೆ, ಪರೀಕ್ಷೆಯ ವೇಳಾಪಟ್ಟಿ, ಆಂತರಿಕ ಅಂಕಗಳು, ಹಾಜರಾತಿ ಸಾಲದವರ ಪಟ್ಟಿ, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಾಂಕ. ಇವುಗಳ ಭಾಷೆ ಶುಷ್ಕವೆನ್ನಿಸಬಹುದು. ಆದರೆ ನಾಗರಿಕನ ಹಕ್ಕು ವಾಸಿಸುವುದು ಈ ಶುಷ್ಕ ವಾಕ್ಯಗಳಲ್ಲಿಯೇ. 2005ರ ಮಾಹಿತಿ ಹಕ್ಕು ಅಧಿನಿಯಮವು, ಸಾರ್ವಜನಿಕ ಸಂಸ್ಥೆಗಳು ತಾವಾಗಿಯೇ ಪ್ರಕಟಿಸಬೇಕಾದ ವಿಷಯಗಳನ್ನು ಜನರಿಗೆ ಮುಟ್ಟಿಸುವ ಮಾರ್ಗಗಳನ್ನು ಎಣಿಸುವಾಗ ಮೊಟ್ಟಮೊದಲು ಹೆಸರಿಸುವುದು ಸೂಚನಾಫಲಕವನ್ನು. ವೃತ್ತಪತ್ರಿಕೆ, ಅಂತರಜಾಲಗಳು ಅದರ ಅನಂತರ. ಕೆಲಸದ ಸ್ಥಳಗಳಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯ ಪ್ರಕಾರ, ಆಂತರಿಕ ದೂರು ಸಮಿತಿಯನ್ನು ರಚಿಸಿದ ಆದೇಶವನ್ನು ಎದ್ದು ಕಾಣುವ ಸ್ಥಳದಲ್ಲಿ ಪ್ರದರ್ಶಿಸಲೇಬೇಕು. ದೂರು ಕೊಡಲು ಅಂಜುತ್ತಿರುವ ಹೆಣ್ಣುಮಗಳೊಬ್ಬಳು ಯಾರನ್ನೂ ಕೇಳದೆ, ಯಾರಿಗೂ ತಿಳಿಯದಂತೆ, ತಾನು ಹೋಗಬೇಕಾದ ಬಾಗಿಲು ಯಾವುದೆಂದು ಆ ಹಾಳೆಯಿಂದ ಅರಿಯಬಹುದು.

ಗಾಜಿನ ಹಿಂದಿನ ಹಾಳೆಗಳಲ್ಲಿ ಒಂದರ ಕಡೆಗೆ ಓದುಗರ ಗಮನವನ್ನು ವಿಶೇಷವಾಗಿ ಸೆಳೆಯಬೇಕೆನಿಸುತ್ತದೆ. ಪಿಎಚ್.ಡಿ. ಪದವಿಯ ಮೌಖಿಕ ಪರೀಕ್ಷೆಯು ಬಹಿರಂಗವಾಗಿ ನಡೆಯತಕ್ಕದ್ದೆಂಬುದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮ. ಆದುದರಿಂದ ಸಂಶೋಧಕನ ಹೆಸರು, ಮಾರ್ಗದರ್ಶಕರ ಹೆಸರು, ಪ್ರಬಂಧದ ಶೀರ್ಷಿಕೆ, ಸ್ಥಳ, ವೇಳೆಗಳನ್ನು ಹೇಳಿ, ಆಸಕ್ತರೆಲ್ಲರೂ ಬರಬಹುದೆಂದು ಫಲಕದಲ್ಲಿ ಪ್ರಕಟಿಸುತ್ತಾರೆ. ಐದಾರು ವರ್ಷಗಳ ಶ್ರಮವನ್ನು ಒಬ್ಬ ಯುವಕನೋ ಯುವತಿಯೋ ವಿದ್ವಾಂಸರ ಮುಂದೆ ಸಮರ್ಥಿಸಿಕೊಳ್ಳುವ ಆ ಗಳಿಗೆಗೆ ಸಾಕ್ಷಿಯಾಗುವ ಅಧಿಕಾರವನ್ನು ಈ ಅರ್ಧ ಹಾಳೆ ನಮಗೆ ಕೊಡುತ್ತದೆ. ಮೊದಲ ವರ್ಷದ ಎಂ.ಎ. ವಿದ್ಯಾರ್ಥಿಗಳು ಇಂಥ ನಾಲ್ಕು ಪರೀಕ್ಷೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದರೆ, ಸಂಶೋಧನೆಯೆಂದರೇನೆಂಬುದು ಯಾವ ಪಠ್ಯಪುಸ್ತಕವೂ ತಿಳಿಸದ ರೀತಿಯಲ್ಲಿ ಅವರಿಗೆ ಮನವರಿಕೆಯಾಗುವುದು.

ಇನ್ನು ತೆರೆದ ಫಲಕ. ಇಲ್ಲಿಯದು ಜನರ ಮಾತು. ಹತ್ತಿರ ನಿಂತು ಒಂದು ಹಾಳೆಯನ್ನು ಓದಿದರೆ ಅದರ ರೀತಿ ತಿಳಿಯುತ್ತದೆ. ರೂಲು ಹಾಕಿದ ನೋಟುಪುಸ್ತಕದಿಂದ ಹರಿದ ಹಾಳೆ. ನೀಲಿ ಶಾಯಿಯಲ್ಲಿ ದುಂಡಗಿನ ಕನ್ನಡ ಅಕ್ಷರ. ಮೇಲೆ ಎರಡು ಗೆರೆ ಎಳೆದು ‘ರೂಮ್‌ಮೇಟ್ ಬೇಕಾಗಿದ್ದಾರೆ’ ಎಂಬ ತಲೆಬರಹ. ಪಡುವಾರಹಳ್ಳಿಯಲ್ಲಿ ಮಹಡಿಯ ಮೇಲೊಂದು ಕೊಠಡಿ, ಈಗ ಇಬ್ಬರಿದ್ದೇವೆ, ಮೂರನೆಯವರು ಬೇಕು, ಬಾಡಿಗೆ ಮತ್ತು ಕರೆಂಟು ಬಿಲ್ಲು ಸಮಪಾಲು, ಅಡ್ವಾನ್ಸು ಕಂತಿನಲ್ಲಿ ಕೊಡಬಹುದು, ಅಡುಗೆ ನಾವೇ ಮಾಡಿಕೊಳ್ಳುತ್ತೇವೆ, ರಾತ್ರಿ ಓದುವವರಾದರೆ ಉತ್ತಮ. ಹಾಳೆಯ ಕೆಳಗಿನ ಅಂಚನ್ನು ಬಾಚಣಿಗೆಯ ಹಲ್ಲುಗಳಂತೆ ಕತ್ತರಿಸಿ, ಒಂದೊಂದು ಸೀಳಿನ ಮೇಲೂ ದೂರವಾಣಿಯ ಸಂಖ್ಯೆಯನ್ನು ಅಡ್ಡಡ್ಡವಾಗಿ ಬರೆದಿರುತ್ತಾರೆ. ಅದರಲ್ಲಿ ಮೂರು ಸೀಳುಗಳು ಹರಿದುಹೋಗಿದ್ದರೆ ಮೂವರು ಯಾರೋ ಆಗಲೇ ವಿಚಾರಿಸಿದ್ದಾರೆಂದು ಅರ್ಥ. ಕೊಠಡಿಯ ಸ್ಥಳ, ಖರ್ಚು, ನಡವಳಿಕೆ, ನಿರೀಕ್ಷೆ ಎಲ್ಲವನ್ನೂ ಹೇಳಿ, ಒಂದು ಮಾತನ್ನೂ ಹೆಚ್ಚಿಗೆ ಆಡದ ಇಂಥ ಬರವಣಿಗೆಯನ್ನು ಗದ್ಯದ ಒಂದು ಸದ್ಗುಣವೆಂದೇ ಎಣಿಸಬೇಕು.

ಅದರ ಪಕ್ಕದಲ್ಲಿ ಬೇರೆ ಹಾಳೆಗಳು. ಕೋರ್ಸು ಮುಗಿಸಿ ಹೊರಟವರು ಮಾರುವ ಸೈಕಲ್ಲು, ಮೇಜು, ಹಾಸಿಗೆ. ಪರೀಕ್ಷೆ ಮುಗಿದ ಕೂಡಲೇ ಮಾರಾಟಕ್ಕೆ ಬರುವ ಪುಸ್ತಕಗಳು: ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯಂಥ ಗ್ರಂಥವನ್ನು ಹಿರಿಯ ವಿದ್ಯಾರ್ಥಿಯಿಂದ ಅರ್ಧ ಬೆಲೆಗೆ ಕೊಂಡವನಿಗೆ, ಧ್ವನಿಪ್ರಕರಣದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳು ಪುಕ್ಕಟೆಯಾಗಿ ದೊರೆಯುತ್ತವೆ. ‘ನುಡಿ’ಯೋ ‘ಬರಹ’ವೋ ಒಂದು ಕನ್ನಡ ತಂತ್ರಾಂಶದಲ್ಲಿ ಪ್ರಬಂಧವನ್ನು ಡಿಟಿಪಿ ಮಾಡಿ, ಬೈಂಡ್ ಮಾಡಿಕೊಡುವವರ ಚೀಟಿಗಳು. ನೆಟ್ ಮತ್ತು ಕೆ-ಸೆಟ್ ಪರೀಕ್ಷೆಗಳ ತರಬೇತಿಯ ಬಣ್ಣದ ಕಾಗದಗಳು. ತಿಂಗಳ ಮೆಸ್ಸಿನ ದರ. ‘ಕಾಟ್ ಬೇಸಿಸ್’ ಮೇಲೆ ಪಿ.ಜಿ. ವಸತಿ; ತುರ್ತಾಗಿ ರಕ್ತ ಬೇಕೆಂಬ ವಿನಂತಿ; ರಂಗಮಂದಿರದಲ್ಲಿ ಸಂಜೆ ನಾಟಕ. ಇವುಗಳ ನಡುವೆ ಗುರುತಿನ ಚೀಟಿಯೋ ಅಂಕಪಟ್ಟಿಯೋ ಕಳೆದುಹೋಗಿದೆಯೆಂಬ ಸೂಚನೆ ಕಂಡರೆ ಮನಸ್ಸು ಮರುಗುತ್ತದೆ. ಅಂಕಪಟ್ಟಿಯ ನಕಲು ಪ್ರತಿಯನ್ನು ಪಡೆಯಲು ಪೊಲೀಸ್ ಠಾಣೆಗೂ, ಛಾಪಾಕಾಗದಕ್ಕೂ, ನೋಟರಿಗೂ, ಪರೀಕ್ಷಾ ಕಛೇರಿಯ ಕಿಟಕಿಗೂ ಅಲೆಯಬೇಕಾದ ಕಷ್ಟವನ್ನು ಬಲ್ಲವರು, ‘ಸಿಕ್ಕಿದೆ, ಗುರುತು ಹೇಳಿ ಒಯ್ಯಬಹುದು’ ಎಂದು ಬರೆದಂಟಿಸುವವನ ಒಳ್ಳೆಯತನಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುತ್ತಾರೆ. ತನಗೆ ಎಂದೂ ಎದುರಾಗದ ವ್ಯಕ್ತಿಗಾಗಿ ಹತ್ತು ನಿಮಿಷ ವ್ಯಯಿಸುವ ಈ ಗುಣವನ್ನು ಯಾವ ಪಠ್ಯಕ್ರಮವೂ ವಿಧಿಸಿಲ್ಲ. ಆದರೆ ವಿಶ್ವವಿದ್ಯಾನಿಲಯದ ಸಂಸ್ಕಾರವೆಂದರೆ ಕಡೆಗೂ ಇದೇ ಅಲ್ಲವೇ?

ಗುಣವನ್ನು ಹೇಳಿದವನು ದೋಷವನ್ನೂ ಹೇಳತಕ್ಕದ್ದು. ಬೀಗವಿಲ್ಲದ ಫಲಕಕ್ಕೆ ಕಾವಲೂ ಇಲ್ಲವಾದ್ದರಿಂದ, ಹಣ ಕೊಟ್ಟರೆ ಪ್ರಬಂಧವನ್ನೇ ಬರೆದುಕೊಡುತ್ತೇವೆಂಬ ನಿರ್ಲಜ್ಜ ಜಾಹೀರಾತುಗಳೂ, ಮುಂಗಡ ಕಟ್ಟಿಸಿಕೊಂಡು ಮಾಯವಾಗುವ ಉದ್ಯೋಗದ ಆಮಿಷಗಳೂ ಇಂಥ ಗೋಡೆಗಳ ಮೇಲೆ ಕಾಣಿಸಿಕೊಳ್ಳುವುದುಂಟು. ಒಬ್ಬರ ಹಾಳೆಯ ಮೇಲೆ ಇನ್ನೊಬ್ಬರು ಅಂಟಿಸುವುದು, ಫಲಕ ಸಾಲದೆ ಕಂಬಗಳಿಗೂ ಮರಗಳಿಗೂ ಗೋಂದು ಬಳಿಯುವುದು ಸಾಮಾನ್ಯವಾಗಿಬಿಟ್ಟಿದೆ. ಸಾರ್ವಜನಿಕ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯಲು 1981ರಷ್ಟು ಹಿಂದೆಯೇ ಕರ್ನಾಟಕವು ಕಾಯಿದೆಯೊಂದನ್ನು ಮಾಡಿಕೊಂಡಿದ್ದರೂ ಗೋಡೆಗಳಿಗೆ ಬಿಡುಗಡೆಯಿಲ್ಲ. ಇವೆಲ್ಲಕ್ಕಿಂತ ಮನಸ್ಸನ್ನು ನೋಯಿಸುವುದು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಎರಡು ಮಾತು. ತನ್ನ ಮನೆಯ ಅಡುಗೆಯ ಶುಚಿತ್ವವನ್ನು ಬಯಸುವ ಹಕ್ಕು ಮನೆಯೊಡೆಯನಿಗಿದೆಯೆಂಬುದನ್ನು ಒಪ್ಪಿದರೂ, ಆ ಮಾತಿನ ಬೆನ್ನಿಗೇ ಬಾಗಿಲಲ್ಲಿ ನಿಂತು ಕೇಳಲ್ಪಡುವ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆಯನ್ನು ಎದುರಿಸಿ, ಪ್ರಥಮದರ್ಜೆಯ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದು ಬಂದ ಮಕ್ಕಳು ಎಷ್ಟಿಲ್ಲ! ಶಿಫಾರಸಿಲ್ಲದವನ ಹಿತಕ್ಕಾಗಿ ಇರತಕ್ಕ ಫಲಕದ ಮೇಲೆಯೇ ಆ ಹಳೆಯ ಜಗಲಿ ಮತ್ತೆ ತಲೆಯೆತ್ತುವುದನ್ನು ವಿಶ್ವವಿದ್ಯಾನಿಲಯವು ಸಹಿಸತಕ್ಕದ್ದಲ್ಲ. ತನ್ನ ಗೋಡೆಯನ್ನು ಬಳಸಿಕೊಳ್ಳುವವರಿಗೆ, ಜಾತಿ ಕೇಳದೆ ಮನೆ ಕೊಡುವವರ ಸೂಚನೆಗೆ ಮಾತ್ರ ಇಲ್ಲಿ ಸ್ಥಳವೆಂದು ಅದು ಹೇಳಬಹುದು, ಹೇಳಬೇಕು.

ಈಚೆಗೆ ಕೊಠಡಿಯೂ ಪುಸ್ತಕವೂ ಸುತ್ತೋಲೆಯೂ ಮೊಬೈಲಿನ ವಾಟ್ಸಾಪ್ ಗುಂಪುಗಳಲ್ಲಿ ಕ್ಷಣಮಾತ್ರದಲ್ಲಿ ಹರಿದಾಡುತ್ತಿರುವಾಗ ಹಲಗೆಯ ಅವಶ್ಯಕತೆ ಏನೆಂದು ಕೇಳುವವರಿದ್ದಾರೆ. ಆ ಸೌಲಭ್ಯವನ್ನು ಅಲ್ಲಗಳೆಯುವುದು ಅವಿವೇಕ. ಆದರೆ ಗುಂಪಿನೊಳಕ್ಕೆ ಬರಬೇಕಾದರೆ ಒಳಗಿರುವವರೊಬ್ಬರು ಸೇರಿಸಿಕೊಳ್ಳಬೇಕು. ಅಂದರೆ ಪರಿಚಯವಿದ್ದವರಿಗೆ ಪರಿಚಯ ಒದಗುತ್ತದೆ, ಇಲ್ಲದವರು ಹೊರಗೇ ಉಳಿಯುತ್ತಾರೆ. ನಿನ್ನೆ ಸಂಜೆ ರೈಲಿನಿಂದಿಳಿದವನು ಯಾವ ಗುಂಪಿನಲ್ಲಿಯೂ ಇಲ್ಲ. ಫಲಕದ ಮುಂದೆ ಅವನೂ, ಕನ್ನಡವನ್ನು ಈಗಷ್ಟೇ ಕಲಿಯುತ್ತಿರುವ ಪರಪ್ರಾಂತದವನೂ, ಮಗಳನ್ನು ಹಾಸ್ಟೆಲಿಗೆ ಸೇರಿಸಲು ಬಂದ ರೈತನೂ ಸಮಾನರು.

ಆದಕಾರಣ ಫಲಕವನ್ನು ಗೋಡೆಯ ಪಾಡಿಗೆ ಬಿಡದೆ ಒಂದು ಸಂಸ್ಥೆಯಂತೆ ಪೋಷಿಸಬೇಕು. ಇದಕ್ಕೆ ಬೇಕಾಗುವುದು ಅಲ್ಪ ಶ್ರಮ. ಪ್ರತಿಯೊಂದು ತೆರೆದ ಫಲಕಕ್ಕೂ ಹೊಣೆಗಾರರೊಬ್ಬರಿರಲಿ. ಅಂಟಿಸಿದ ದಿನಾಂಕವಿಲ್ಲದ ಹಾಳೆಗೆ ಅವಕಾಶ ಬೇಡ. ತಿಂಗಳು ಕಳೆದದ್ದನ್ನು ತೆಗೆದು ಹೊಸದಕ್ಕೆ ಎಡೆ ಮಾಡಲಿ. ಕೊಠಡಿ, ಪುಸ್ತಕ, ಕಳೆದದ್ದು ಸಿಕ್ಕಿದ್ದು, ಕಾರ್ಯಕ್ರಮಗಳು ಎಂದು ನಾಲ್ಕು ಭಾಗ ಮಾಡಲಿ. ಅಧಿಕೃತ ಸುತ್ತೋಲೆ ಇಂಗ್ಲಿಷಿನಲ್ಲಿ ಬಂದರೆ ಅದರ ಸಾರವನ್ನು ತಿಳಿಗನ್ನಡದ ಎರಡು ವಾಕ್ಯಗಳಲ್ಲಿ ಜೊತೆಗೆ ಬರೆಯಲಿ. ಹೊಸ ವಿದ್ಯಾರ್ಥಿಗಳನ್ನು ಸ್ವಾಗತಿಸುವ ದಿನ ಅಧ್ಯಾಪಕರು ಅವರನ್ನು ಗ್ರಂಥಾಲಯಕ್ಕೆ ಕರೆದೊಯ್ಯುವಂತೆ ಈ ಫಲಕದ ಮುಂದೆಯೂ ನಿಲ್ಲಿಸಿ, ಇದನ್ನು ಓದುವುದನ್ನೂ ಇಲ್ಲಿ ಸತ್ಯವಾಗಿ ಬರೆಯುವುದನ್ನೂ ಕಲಿಸಲಿ. ಬೇಕಾದುದನ್ನು ಸಂಕೋಚವಿಲ್ಲದೆ ಕೇಳುವುದು, ಇರುವುದನ್ನು ಮುಚ್ಚಿಡದೆ ಹೇಳುವುದು, ಸಿಕ್ಕ ಪರರ ವಸ್ತುವನ್ನು ಹಿಂದಿರುಗಿಸುವುದು ಇವು ಮೂರೂ ಪ್ರಜಾಪ್ರಭುತ್ವದ ಪ್ರಜೆಗೆ ಬೇಕಾದ ವಿದ್ಯೆಗಳೇ. ಅವನ್ನು ಅಭ್ಯಾಸ ಮಾಡಿಸಲು ವಿಶ್ವವಿದ್ಯಾನಿಲಯಕ್ಕೆ ಇದಕ್ಕಿಂತ ಕಡಿಮೆ ಖರ್ಚಿನ ಪ್ರಯೋಗಶಾಲೆ ಬೇರೆಯಿಲ್ಲ.